ಬಿಟ್ಟುಬಂದ ಮನೆಯ ಕರೆಂಟು

ಬಿಟ್ಟುಬಂದ ಬಾಡಿಗೆ ಮನೆಯಲ್ಲಿ ಚಳಿಗಾಲವಿಡೀ ಯಾರೋ ಬಿಸಿಹಬೆ ಸ್ನಾನದ ಸೌನಾ ಕೋಣೆ ಕಾಯಿಸಿದ್ದಾರೆ ಎಂಬುದು ಸೈಮಿ ತುರುನೆನ್‌ಗೆ ಗೊತ್ತಾದದ್ದು ಸಾಲ ವಸೂಲಿ ಕಂಪನಿಯ ಹುಡುಗಿಯ ಬಾಯಿಂದ.

"ಬುಧವಾರ ಸಂಜೆ, ಶನಿವಾರ ಸಂಜೆ ಕರೆಂಟು ಒಂದೇ ಸಲ ಮೇಲಕ್ಕೇರುತ್ತೆ ಮೇಡಂ," ಎಂದಳು ಹುಡುಗಿ ಫೋನಿನಲ್ಲಿ. "ಎರಡು ಗಂಟೆ ಬಿಟ್ಟು ಇಳಿಯುತ್ತೆ. ಸೌನಾ ಒಲೆ ಅಲ್ದೆ ಮತ್ತೇನು? ಹೀಟರ್ ಬೇರೆ ಹಗಲೂ ರಾತ್ರಿ ಉರಿದಿದೆ."

"ನಾನು ಆ ಮನೆ ಬಿಟ್ಟಿದ್ದು ಅಕ್ಟೋಬರಿನಲ್ಲಿ ಕಣಮ್ಮ!"

"ಕರೆಂಟಿನ ಕರಾರು ನಿಮ್ಮ ಹೆಸರಲ್ಲೇ ಇದೆಯಲ್ಲ? ಎರಡು ಸಾವಿರದ ಇನ್ನೂರು ಯೂರೋ. ಶುಕ್ರವಾರ ಕೊನೇ ದಿನ."

"ನಾನು ಉರಿಸದೇ ಇರೋ ಕರೆಂಟಿಗೆ ನಾನ್ಯಾಕೆ ಕಟ್ಲಿ?"

"ಹಾಗಾದ್ರೆ ಅಲ್ಲಿ ಯಾರಿದ್ರು ಅಂತ ಹೇಳಿ. ಅವರು ಒಪ್ಪಿಕೊಂಡ್ರೆ ಬಿಲ್ಲು ಅವರ ಹೆಸರಿಗೆ ಹೋಗುತ್ತೆ. ಇಲ್ಲಾಂದ್ರೆ ವಿಷಯ ಕೋರ್ಟಿಗೆ."

ಸೈಮಿ ಫೋನು ಕೆಳಗಿಟ್ಟಳು.

ತಪ್ಪು ಅವಳದ್ದೂ ಇತ್ತು. ಯೊಯೆನ್ಸೂ ಊರಿನ ಆ ಸಾಲುಮನೆಯಲ್ಲಿ ಹತ್ತೊಂಬತ್ತು ವರ್ಷ ಇದ್ದವಳು, ತಂಗಿಗೆ ಕ್ಯಾನ್ಸರ್ ಎಂದು ಗೊತ್ತಾದ ವಾರವೇ ಬಾಡಿಗೆ ಮನೆ ಬಿಟ್ಟು ತಂಗಿಯ ಊರು ಲಿಯೆಕ್ಸಾಕ್ಕೆ ಓಡಿದ್ದಳು. ಹೊಸ ಬಾಡಿಗೆದಾರ ಬಂದು ತನ್ನ ಹೆಸರಿನಲ್ಲಿ ಕರೆಂಟು ಹಾಕಿಸಿಕೊಂಡ ದಿನ ಹಳಬರ ಕರಾರು ತಾನಾಗಿಯೇ ಮುಗಿಯುತ್ತದೆ. ಅವಳು ಕಂಡ ಎಲ್ಲ ಮನೆಗಳಲ್ಲೂ ಹಾಗೇ ಆಗಿತ್ತು. ಈ ಸಲ ಹೊಸ ಬಾಡಿಗೆದಾರ ಬರಲೇ ಇಲ್ಲ. ವಿಳಾಸ ಬದಲಾಯಿಸುವುದೂ ಮರೆತುಹೋಯಿತು. ಸಾಯುತ್ತಿರುವ ತಂಗಿಗೆ ಗಂಜಿ ಕುಡಿಸುತ್ತಾ ಕೂತವಳಿಗೆ ಅಂಚೆಯ ನೆನಪು ಎಲ್ಲಿಂದ ಬರಬೇಕು?

ಈಗ ತಂಗಿ ಇಲ್ಲ. ಅವಳ ಮನೆ ಮಾರಾಟಕ್ಕಿದೆ. ಸೋಮವಾರ ಯೊಯೆನ್ಸೂವಿನಲ್ಲಿ ಒಂದು ಕೋಣೆಯ ಬಾಡಿಗೆ ಮನೆಗೆ ಸೈಮಿ ಸಹಿ ಹಾಕಬೇಕು. ಕೋರ್ಟು ಅವಳ ಮೇಲೆ ಬಾಕಿದಾರಳೆಂಬ ಮುದ್ರೆ ಒತ್ತಿದರೆ ಆ ಮನೆಯೂ ಇಲ್ಲ, ಮತ್ತೊಂದೂ ಇಲ್ಲ. ಈ ದೇಶದಲ್ಲಿ ಜೈಲಿನಿಂದ ಬಂದವನಿಗಾದರೂ ಯಾರೋ ಒಬ್ಬರು ಮನೆ ಕೊಟ್ಟಾರು, ಆ ಮುದ್ರೆ ಬಿದ್ದವರಿಗೆ ಯಾರೂ ಕೊಡುವುದಿಲ್ಲ. ಅರವತ್ತೆಂಟು ವರ್ಷದ ಬದುಕಿನಲ್ಲಿ ಒಂದು ಬಿಲ್ಲನ್ನೂ ತಡಮಾಡದ ಹೆಂಗಸಿಗೆ ಸಿಗುವ ಮರ್ಯಾದೆ ಇದು.

ಅವಳು ಒನ್ನಿ ಲಾಸೊನೆನ್‌ಗೆ ಫೋನು ಮಾಡಿದಳು. ಒನ್ನಿ ಅವಳ ಜೊತೆ ಶಾಲೆಯಲ್ಲಿ ಓದಿದವನು. ಮೂವತ್ತು ವರ್ಷ ಪೊಲೀಸ್ ಕೆಲಸ ಮಾಡಿ ನಿವೃತ್ತನಾದವನು. ಮಾತು ಕಡಿಮೆ. ಗುರುವಾರ ಬೆಳಗ್ಗೆ ತನ್ನ ಹಳೇ ಕಾರಿನಲ್ಲಿ ಬಂದು ಅವಳನ್ನು ಹತ್ತಿಸಿಕೊಂಡ.

"ಕೀಲಿ ಯಾರ್ಯಾರ ಹತ್ರ ಇತ್ತು?" ಅದೊಂದೇ ಅವನ ಮೊದಲ ಪ್ರಶ್ನೆ.

"ಒಂದು ಆ ಇಡೀ ಸಾಲಿನ ಮಾಲೀಕ ಪೆಸೊನೆನ್ ಹತ್ರ. ಇನ್ನೊಂದು ತಂಗಿ ಮಗ ಯಾರ್ಮೊ ಹತ್ರ. ಸಾಮಾನು ಸಾಗಿಸಿದ್ದು ಅವನೇ. ಆಮೇಲೆ ಪೆಸೊನೆನ್‌ಗೆ ವಾಪಸ್ ಕೊಟ್ಟೆ ಅಂದ."

"ಅಂದ. ನೀನು ನೋಡಿದ್ಯಾ?"

"ಇಲ್ಲ. ಆದ್ರೆ ಯಾರ್ಮೊ ಲಾರಿ ಓಡಿಸ್ತಾನೆ ಕಣೋ. ವಾರಕ್ಕೆ ಐದು ದಿನ ಸ್ವೀಡನ್ನಲ್ಲಿರ್ತಾನೆ."

"ಶನಿವಾರ?"

ಶನಿವಾರ ಯಾರ್ಮೊ ಎಲ್ಲಿರುತ್ತಿದ್ದ ಎಂದು ಸೈಮಿಗೂ ಗೊತ್ತಿರಲಿಲ್ಲ. ತಾಯಿ ಹಾಸಿಗೆ ಹಿಡಿದಾಗಲೂ ಅವನು ಬಂದದ್ದು ಬೆರಳೆಣಿಕೆಯ ಸಲ. ಆದರೂ ಅವಳಿಗೆ ಅನುಮಾನ ಇದ್ದದ್ದು ಪೆಸೊನೆನ್ ಮೇಲೆ. ಕಿಟಕಿಯ ಸಂದಿನಿಂದ ಗಾಳಿ ನುಗ್ಗುತ್ತದೆ ಎಂದರೆ ದಪ್ಪ ಕಾಲುಚೀಲ ಹಾಕಿಕೋ ಎಂದ ಆಸಾಮಿ ಅವನು.

ಏಪ್ರಿಲ್‌ನ ಕೊಳೆ ಹಿಮ ಸಾಲುಮನೆಯ ಅಂಗಳದಲ್ಲಿ ಇನ್ನೂ ಕರಗಿರಲಿಲ್ಲ. ಪೆಸೊನೆನ್ ಬಾಗಿಲಲ್ಲೇ ನಿಂತಿದ್ದ. ಸ್ಪೇನಿನ ಬಿಸಿಲಿಗೆ ಮುಖ ಇಟ್ಟಿಗೆ ಬಣ್ಣವಾಗಿತ್ತು.

"ಕಂಪನಿಯವರು ಕರೆಂಟು ಕತ್ತರಿಸಿದ್ದಾರೆ ಅಂತ ಗೊತ್ತಾದ್ಮೇಲೆ ಓಡಿಬಂದೆ. ನಿನ್ನೆ ರಾತ್ರಿ ಇಳಿದೆ. ಪೈಪು ಒಡೆದ್ರೆ ಯಾರು ಕೊಡ್ತಾರೆ ದುಡ್ಡು? ನೀವು ಕೊಡ್ತೀರಾ ಸೈಮಿ?"

"ನನ್ನ ಹೆಸರಲ್ಲಿ ಸ್ನಾನ ಮಾಡಿದವರು ಕೊಡ್ಲಿ," ಎಂದಳು ಸೈಮಿ.

"ಹಾಗಂದ್ರೆ?"

"ಹಾಗಂದ್ರೆ ನೀವೇ ಹೇಳಿ!"

"ನನಗೆ ಇಲ್ಲಿ ಬಂದು ಕದ್ದು ಸ್ನಾನ ಮಾಡೋ ದರಿದ್ರ ಬಂದಿಲ್ಲಮ್ಮ. ಕೆರೆ ದಂಡೇಲಿ ನಂದೇ ಸೌನಾ ಇದೆ. ಮೇಲಿನ ಹಲಗೇಲಿ ಕೂತ್ರೆ ಕಿವಿ ಸುಟ್ಟುಹೋಗ್ಬೇಕು, ಅಂಥದ್ದು!"

"ಬಾಗಿಲು ತೆಗೀರಿ," ಎಂದ ಒನ್ನಿ.

ಒಳಗೆ ಕತ್ತಲು, ಥಂಡಿ. ಒನ್ನಿ ಟಾರ್ಚ್ ಹಚ್ಚಿದ. ಖಾಲಿ ಹಜಾರ. ಬಾಗಿಲ ಪಕ್ಕದ ಟೋಪಿ ಇಡುವ ಕಪಾಟಿನ ಮೇಲೆ ಸೈಮಿಯ ಹೆಸರಿನ ಲಕೋಟೆಗಳು, ದೊಡ್ಡದು ಕೆಳಗೆ, ಚಿಕ್ಕದು ಮೇಲೆ, ಅಂಚಿಗೆ ಅಂಚು ಕೂಡಿಸಿ ಇಟ್ಟಿದ್ದವು. ಒಂದನ್ನೂ ಒಡೆದಿರಲಿಲ್ಲ.

"ಇದನ್ನ ನೀವು ಜೋಡಿಸಿಟ್ರಾ?" ಒನ್ನಿ ಕೇಳಿದ.

"ನಾನು ಒಳಗೆ ಕಾಲಿಟ್ಟಿದ್ದೇ ಈಗ. ಕಂಡೋರ ಅಂಚೆ ನಾನ್ಯಾಕೆ ಮುಟ್ಲಿ?"

"ಯಾರ್ಮೊ ಕೀಲಿ ಕೊಟ್ನಾ?"

"ಆವತ್ತೇ ಕೊಟ್ಟ. ಎರಡೂ ನನ್ನ ಜೇಬಲ್ಲೇ ಇದ್ವು. ಸ್ಪೇನಿಗೆ ಹೋಗಿ ಬಂದಿವೆ," ಎಂದು ಪೆಸೊನೆನ್ ಗೊಂಚಲು ಅಲ್ಲಾಡಿಸಿ ತೋರಿಸಿದ.

ಸೌನಾ ಕೋಣೆ ಹಿಂಬದಿಯಲ್ಲಿತ್ತು. ಒಲೆಯ ಕಲ್ಲು ತಣ್ಣಗಿತ್ತು. ಗೋಡೆಗೆ ಹೊಂದಿ ಮೆಟ್ಟಿಲಿನಂತೆ ಎರಡು ಹಲಗೆ, ಒಂದು ಮೇಲೆ, ಒಂದು ಕೆಳಗೆ. ಪೆಸೊನೆನ್ ಎದೆಯುಬ್ಬಿಸಿದ.

"ನೋಡಿ! ಹಲಗೆ ಎಷ್ಟು ಬೆಳ್ಳಗಿದೆ! ಯಾರೂ ಬಳಸಿಲ್ಲ. ನೀವು ಬಿಟ್ಟುಹೋದ ಹಾಗೇ ಇದೆ."

ಒನ್ನಿ ಟಾರ್ಚನ್ನು ಕೆಳಗಿನ ಹಲಗೆಯ ಮೇಲೆ ಬಿಟ್ಟ. ಉಜ್ಜಿ ತೊಳೆದ ಮರ ಬಿಳಿಚಿಕೊಂಡಿತ್ತು. ಮೇಲಿನದರ ಮೇಲೆ ಬಿಟ್ಟ. ಧೂಳು ಕೂತಿತ್ತು, ಸತ್ತ ನೊಣಗಳು ಬಿದ್ದಿದ್ದವು. ಸೈಮಿಗೆ ನಾಚಿಕೆಯಾಯಿತು. ತಾನಿದ್ದ ಮನೆಯಲ್ಲಿ ಈ ಪಾಟಿ ಧೂಳನ್ನು ಯಾವ ಗಂಡಸೂ ನೋಡಿದವನಲ್ಲ. ಅವಳು ಕೈಚೀಲದಿಂದ ಕರವಸ್ತ್ರ ತೆಗೆದಳು.

"ಮುಟ್ಬೇಡ," ಎಂದ ಒನ್ನಿ. ತನ್ನ ಬೆರಳಿನಿಂದ ಮೇಲಿನ ಹಲಗೆಯ ಮೇಲೆ ಒಂದು ಗೆರೆ ಎಳೆದು ನೋಡಿಕೊಂಡ.

ಹೊರಗೆ ಬಂದಾಗ ಪಕ್ಕದ ಮನೆಯ ಹಿಲ್ಯಾ ಕೋಲೂರಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಹೋದ ವರ್ಷ ಸೊಂಟದ ಕೀಲು ಬದಲಾಯಿಸಿಕೊಂಡವಳು, ಇನ್ನೂ ಸರಿಹೋಗಿರಲಿಲ್ಲ. ಹೊಸಿಲು ದಾಟುವುದೇ ಅವಳಿಗೆ ಒಂದು ಸಾಹಸ.

"ಸೈಮೀ! ಬಾರೇ, ಕಾಫಿ ಇಟ್ಟಿದ್ದೀನಿ. ಒನ್ನಿ, ನೀನೂ ಬಾರಪ್ಪ."

ಹತ್ತೊಂಬತ್ತು ವರ್ಷ ಒಂದೇ ಗೋಡೆಯ ಆಚೆ ಈಚೆ ಬದುಕಿದವರು. ಗಂಡ ಸತ್ತ ರಾತ್ರಿ ಸೈಮಿ ಮಲಗಿದ್ದು ಹಿಲ್ಯಾಳ ಸೋಫಾದ ಮೇಲೆ. ಪೆಸೊನೆನ್ ಎದುರು ಬಿಗಿಹಿಡಿದಿದ್ದ ಅಳು ಆ ಅಡುಗೆಮನೆಯಲ್ಲಿ ಕೂತ ಕೂಡಲೇ ಬಂದುಬಿಟ್ಟಿತು. ಹಿಲ್ಯಾ ಏಲಕ್ಕಿ ಬನ್ನು ಮುಂದಿಟ್ಟಳು, ಬೆನ್ನು ಸವರಿದಳು.

"ಕಟ್ಟಿಬಿಡೆ. ತಿಂಗಳಿಗಿಷ್ಟು ಅಂತ ಕಟ್ಟಿ ಕೈತೊಳ್ಕೋ. ಆ ಕಂಪನಿಯವರ ಜೊತೆ ಗುದ್ದಾಡಿ ಯಾರು ಗೆದ್ದಿದ್ದಾರೆ? ನಿನ್ನ ಆರೋಗ್ಯ ಮುಖ್ಯ."

"ಪೆಸೊನೆನ್ ಉರಿಸಿದ್ದಕ್ಕೆ ನಾನು ಕಟ್ಬೇಕೇನೆ?"

"ಪೆಸೊನೆನ್ ಅಲ್ಲ," ಎಂದ ಒನ್ನಿ.

ಇಬ್ಬರೂ ತಿರುಗಿದರು.

"ಹಾಗಾದ್ರೆ ಯಾರ್ಮೊ?" ಸೈಮಿಯ ದನಿ ಇಳಿಯಿತು.

"ಅವನೂ ಅಲ್ಲ. ಸೈಮಿ, ಆರು ತಿಂಗಳು ಖಾಲಿ ಬಿದ್ದ ಸೌನಾ ಹೇಗಿರ್ಬೇಕು?"

"ಧೂಳು ಹಿಡಿದಿರ್ಬೇಕು."

"ಮೇಲಿನ ಹಲಗೆ ಹಿಡಿದಿದೆ. ಕೆಳಗಿಂದು ಯಾಕೆ ಹಿಡಿದಿಲ್ಲ?"

ಸೈಮಿ ಬನ್ನನ್ನು ತಟ್ಟೆಗೆ ಇಟ್ಟಳು.

"ಪೆಸೊನೆನ್ ಬೆಳ್ಳಗಿದೆ ಅಂದ. ನೀನು ಕೊಳೆಯಾಗಿದೆ ಅಂತ ಕರವಸ್ತ್ರ ತೆಗೆದೆ. ಇಬ್ರೂ ನೋಡಿದ್ದು ಅರ್ಧರ್ಧ," ಎಂದ ಒನ್ನಿ. "ಯಾರೋ ಕೂತಿದ್ದಾರೆ. ಪ್ರತಿ ಸಲ ಕೂತೆದ್ದು ಸೋಪು ಹಾಕಿ ಉಜ್ಜಿದ್ದಾರೆ. ಕಳ್ಳ ಉಜ್ತಾನಾ? ಪೆಸೊನೆನ್ ಉಜ್ತಾನಾ? ಯಾರ್ಮೊ? ಹೋಗ್ಲಿ, ಅದನ್ನೂ ಬಿಡು. ಈ ದೇಶದಲ್ಲಿ ಸೌನಾ ಕಾಯಿಸಿ, ಬಿಸಿಯೆಲ್ಲ ಇರೋ ಮೇಲಿನ ಹಲಗೆ ಬಿಟ್ಟು ಕೆಳಗೆ ಕೂರೋರು ಯಾರು?"

"ಮಕ್ಕಳು," ಎಂದಳು ಸೈಮಿ ಮೆಲ್ಲಗೆ.

"ಮತ್ತೆ?"

ಗೋಡೆಗೆ ಒರಗಿಸಿದ್ದ ಹಿಲ್ಯಾಳ ಕೋಲು ಸೈಮಿಯ ಕಣ್ಣೆದುರಿಗೇ ಇತ್ತು.

"ಮೇಲೆ ಹತ್ತೋಕೆ ಆಗದವರು," ಎಂದು ಒನ್ನಿಯೇ ಮುಗಿಸಿದ. "ಮೇಲಿನ ಹಲಗೇಲಿ ಕೂರೋಕೂ ಆಗದೆ, ಅದನ್ನ ಉಜ್ಜೋಕೂ ಆಗದೆ ಇದ್ದವರು. ಹಿಲ್ಯಾ, ನಿನ್ನ ಹತ್ರ ಸೈಮಿ ಮನೆ ಕೀಲಿ ಇದೆಯಾ?"

ಕೀಲಿ! ಹನ್ನೆರಡು ವರ್ಷದ ಹಿಂದೆ ಹೂಕುಂಡಕ್ಕೆ ನೀರು ಹಾಕಲೆಂದು ಕೊಟ್ಟದ್ದು. ಅದನ್ನು ಸೈಮಿ ಲೆಕ್ಕಕ್ಕೇ ಹಿಡಿದಿರಲಿಲ್ಲ. ಹಿಲ್ಯಾಳ ಬಳಿ ಇದ್ದದ್ದು ತನ್ನ ಬಳಿ ಇದ್ದಂತೆಯೇ ಎಂದು ಅವಳು ತಿಳಿದಿದ್ದಳು.

ಹಿಲ್ಯಾ ಕಾಫಿ ಲೋಟವನ್ನು ಸುಮ್ಮನೆ ತಿರುಗಿಸಿದಳು.

"ನಾನು ಅದು ಪೆಸೊನೆನ್ ಕರೆಂಟು ಅಂದ್ಕೊಂಡೆ ಕಣೆ. ಆಣೆ ಮಾಡಿ ಹೇಳ್ತೀನಿ. ಮನೆ ಖಾಲಿ, ಅವನದ್ದೇ ಮನೆ, ಬಿಲ್ಲೂ ಅವನದ್ದೇ ಅಂತ."

ಸೈಮಿಯ ಎದೆ ಒಂದು ಕ್ಷಣ ಹಗುರವಾಯಿತು. ಪೆಸೊನೆನ್‌ನ ಕರೆಂಟಾಗಿದ್ದರೆ ತಾನೂ ಬಂದು ಕೂರುತ್ತಿದ್ದೆನೋ ಏನೋ!

"ಮೊದಲ ತಿಂಗಳು ಹಾಗೆ ಅಂದ್ಕೊಂಡಿರ್ಬಹುದು," ಎಂದ ಒನ್ನಿ. ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವೂ ಇರಲಿಲ್ಲ. "ಆಮೇಲೆ? ಬಾಗಿಲ ಸಂದಿನಿಂದ ಬಿದ್ದ ಲಕೋಟೆ ನೆಲದ ಮೇಲೆ ಚೆಲ್ಲಾಡಿರ್ಬೇಕಿತ್ತು. ಕಪಾಟಿನ ಮೇಲೆ ಅಂಚಿಗೆ ಅಂಚು ಕೂಡಿಸಿಟ್ಟೋರು ಯಾರು? ಮೇಲೆ ವಿದ್ಯುತ್ ಕಂಪನಿ ಹೆಸರು. ಅದರ ಕೆಳಗೆ ಸೈಮಿ ಹೆಸರು. ಒಂದೊಂದನ್ನೂ ಕೈಯಾರೆ ಎತ್ತಿಟ್ಟಿದ್ದೀಯ."

"ನಾನು ಒಂದನ್ನೂ ಒಡೆದಿಲ್ಲ!" ಎಂದಳು ಹಿಲ್ಯಾ ತಟ್ಟನೆ. "ಬೇರೆಯವರ ಕಾಗದ ಒಡೆಯೋಳಲ್ಲ ನಾನು."

ಆ ಮಾತು ಬಾಯಿಂದ ಬಿದ್ದ ಮೇಲೆ ತಾನೇನು ಹೇಳಿದೆನೆಂದು ಅವಳಿಗೇ ಹೊಳೆಯಿತು. ಮುಖ ಮುಚ್ಚಿಕೊಂಡಳು.

ಸೈಮಿಗೆ ಆಗ ಗಮನಕ್ಕೆ ಬಂದದ್ದು: ಈ ಅಡುಗೆಮನೆಯಲ್ಲೂ ಥಂಡಿ. ಹಿಲ್ಯಾ ಮನೆಯೊಳಗೆ ಕೋಟು ತೊಟ್ಟಿದ್ದಾಳೆ. ಅಂದರೆ ಚಳಿಗಾಲವಿಡೀ ಹೀಟರ್ ಆರಿಸಿದ್ದು ಇಲ್ಲಿ, ಉರಿಸಿದ್ದು ಅಲ್ಲಿ.

"ಈ ಚಳಿಗಾಲದಲ್ಲಿ ಕರೆಂಟಿನ ರೇಟು ನೋಡಿದ್ಯಲ್ಲೇ," ಎಂದಳು ಹಿಲ್ಯಾ ಬೆರಳ ಸಂದಿನಿಂದ. "ಸೊಂಟ ಹಿಡ್ಕೊಂಡ್ರೆ ಬಿಸಿ ಬಿಟ್ರೆ ಬೇರೆ ಔಷಧಿ ಇಲ್ಲ. ಪಿಂಚಣೀಲಿ ಒಂದು ಮನೆ ಬೆಚ್ಚಗಿಡೋಕೂ ಆಗ್ತಿರ್ಲಿಲ್ಲ ನನಗೆ."

"ನನಗೆ ಆಗ್ತಿತ್ತೇನೆ?"

"ಸಾಲಿನೋರೆಲ್ಲಾ ನೋಡಿದ್ರು. ಒಬ್ರೂ ಏನೂ ಕೇಳ್ಲಿಲ್ಲ."

ಕೇಳುವುದಿಲ್ಲ, ಹೌದು. ಸೌನಾದಲ್ಲಿರುವವರ ಬಾಗಿಲನ್ನು ಇಲ್ಲಿ ಯಾರೂ ತಟ್ಟುವುದಿಲ್ಲ. ಪಕ್ಕದ ಮನೆಯ ಕಿಟಕಿಯಲ್ಲಿ ದೀಪ ಕಂಡರೆ ನಮಗ್ಯಾಕೆ ಎಂದು ಪರದೆ ಎಳೆದುಕೊಳ್ಳುತ್ತಾರೆ. ಇದಕ್ಕೆ ಸಭ್ಯತೆ ಎಂದು ಹೆಸರಿಟ್ಟು ನೆಮ್ಮದಿಯಾಗಿರುವ ಜನ ನಾವು.

"ಒಂದು ಫೋನು ಮಾಡಿದ್ದಿದ್ರೆ ಸಾಕಿತ್ತು," ಎಂದಳು ಸೈಮಿ. "ಹಿಲ್ಯಾ, ನೀನು ಕೇಳಿದ್ದಿದ್ರೆ ಕೊಡ್ತಿದ್ದೆನಲ್ಲೇ! ಕರಾರು ನಿಂತಿಲ್ಲ ಅಂತ ಹೇಳಿದ್ದಿದ್ರೂ ಸಾಕಿತ್ತು. ನೀನು ಕಟ್ಟಿಬಿಡು ಅಂದೆ. ಈಗ, ಬೆನ್ನು ಸವರ್ತಾ!"

"ನಾಚಿಕೆ ಆಯ್ತು ಕಣೆ. ದಿನ ಕಳೆದ ಹಾಗೆಲ್ಲ ಹೇಳೋದು ಇನ್ನೂ ಕಷ್ಟ ಆಯ್ತು." ಹಿಲ್ಯಾ ಮೇಜಿನ ಮೇಲೆ ಕೈ ಚಾಚಿದಳು. "ನನ್ನ ಹೆಸರು ಮಾತ್ರ ಹೇಳ್ಬೇಡ. ಆ ಮುದ್ರೆ ಬಿದ್ರೆ ಪೆಸೊನೆನ್ ನನ್ನನ್ನ ಹೊರಗೆ ಹಾಕ್ತಾನೆ. ತಿಂಗಳು ತಿಂಗಳು ನಿನ್ನ ಕೈಗೇ ಕೊಡ್ತೀನಿ. ನನ್ನ ಮೇಲೆ ನಂಬಿಕೆ ಇಲ್ವೇನೆ?"

ಸೈಮಿ ಒನ್ನಿಯ ಕಡೆ ನೋಡಿದಳು. ಒನ್ನಿ ಕಿಟಕಿಯ ಆಚೆ ನೋಡುತ್ತಿದ್ದ. ಕಳ್ಳರನ್ನು ಹಿಡಿಯುವುದು ಅವನ ಕೆಲಸ, ಮುಂದಿನದು ಅವನದ್ದಲ್ಲ.

ಆ ಕೈಯನ್ನು ಹಿಡಿದುಕೊಂಡರೆ ಸೋಮವಾರ ಮನೆಯಿಲ್ಲ. ಹಿಡಿಯದಿದ್ದರೆ ಈ ಅಡುಗೆಮನೆಗೆ ಇನ್ನೊಮ್ಮೆ ಬರುವಂತಿಲ್ಲ. ಹಿಲ್ಯಾಳ ಸ್ಥಿತಿ ನೋಡಿ ಸೈಮಿಗೆ ಕನಿಕರ ಬಂತು, ಹಿಲ್ಯಾಳನ್ನು ನೋಡಿ ಸಿಟ್ಟು ಬಂತು. ಎರಡರಲ್ಲಿ ಯಾವುದು ದೊಡ್ಡದು ಎಂದು ಅಳೆಯುವಷ್ಟು ಪುರುಸೊತ್ತು ಅವಳಿಗೆ ಇರಲಿಲ್ಲ. ನಾಳೆಯೇ ಶುಕ್ರವಾರ.

ಅವಳು ಫೋನು ತೆಗೆದು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದಳು. ಅದೇ ಹುಡುಗಿ ಎತ್ತಿದಳು.

"ಮನೇಲಿ ಇದ್ದವರು ಯಾರು ಅಂತ ಗೊತ್ತಾಯ್ತು," ಎಂದಳು ಸೈಮಿ. "ಇಲ್ಲೇ ಎದುರಿಗಿದ್ದಾರೆ. ಹಿಲ್ಯಾ ಕೊರ್ಹೊನೆನ್."

"ಅವರು ಒಪ್ಕೋತಾರಾ ಮೇಡಂ?"

ಹಿಲ್ಯಾ ಒನ್ನಿಯನ್ನು ನೋಡಿದಳು, ಸೈಮಿಯನ್ನು ನೋಡಿದಳು. ಚಾಚಿದ್ದ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

"ಹೂಂ," ಎಂದಳು. "ನಾನೇ."

"ಸರಿ, ಬರ್ಕೊಂಡೆ. ಬಿಲ್ಲು ಅವರ ಹೆಸರಿಗೆ ಹೋಗುತ್ತೆ." ಆಚೆಯಿಂದ ಕೀಲಿಮಣೆಯ ಟಕಟಕ ಸದ್ದು ಬಂತು. "ಇನ್ನೊಂದೇ ಪ್ರಶ್ನೆ ಮೇಡಂ. ಇಲ್ಲಿ ಒಂದು ಕಾಲಂ ಇದೆ. ಅವರು ನಿಮಗೇನಾಗ್ಬೇಕು?"

ಸೈಮಿ ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡಳು.

"ಏನೂ ಆಗ್ಬೇಕಿಲ್ಲ," ಎಂದಳು.