ಹತ್ತಕ್ಕೆ ಆರೂವರೆ

ಮೆಸೇಜು ಬಂದಾಗ ಅವಳು ಗಿರಾಕಿಯೊಬ್ಬರಿಗೆ ಹೊಸ ಕನ್ನಡಕ ಕೂರಿಸುತ್ತಿದ್ದಳು. ಕಿವಿಯ ಹಿಂದೆ ಕಡ್ಡಿಯನ್ನು ತುಸು ಬಾಗಿಸಬೇಕಿತ್ತು, ಅಷ್ಟೆ. ಫೋನಿನ ಮೇಲೆ ಒಮ್ಮೆ ಕಣ್ಣು ಹಾಯಿಸಿದಳು. ಕೈಯಲ್ಲಿದ್ದ ಕಡ್ಡಿ ಲಟಕ್ಕನೆ ಮುರಿಯಿತು.

"ಗುನುಗು ಚೆನ್ನಾಗಿದೆ. ಗಂಟಲು ಬೆಚ್ಚಗಿದೆ. ಕೊನೆ ಮಾತ್ರ ಥಟ್ಟಂತ ನಿಂತುಹೋಯ್ತು. ಹತ್ತಕ್ಕೆ ಆರೂವರೆ."

ಆರೂವರೆ! ಅದರಲ್ಲೂ ಆ ಅರೆ. ಆರಕ್ಕೆ ನಿಲ್ಲಿಸಲು ಮನಸ್ಸಾಗಲಿಲ್ಲ, ಏಳು ಕೊಡಲು ಕೈ ಬರಲಿಲ್ಲ. ಅಳೆದು ತೂಗಿ ಅರೆ ಸೇರಿಸಿದ್ದಾನೆ ಮಹಾಶಯ.

"ಏನಾಯ್ತೇ?" ಎಂದರು ಗಲ್ಲಾದ ಹಿಂದಿನಿಂದ ಚಿಕ್ಕಮ್ಮ. ಅಂಗಡಿ ಅವರದು.

"ಏನಿಲ್ಲ. ಫ್ರೇಮು ಕಳಪೆ."

"ನಿನ್ನೆ ತಾನೇ ಗಟ್ಟಿ ಮಾಲು ಅಂತ ನೀನೇ ಹೊಗಳ್ತಿದ್ದೆ."

"ನಿನ್ನೆ ಗಟ್ಟಿ ಅನ್ನಿಸಿದ್ದೆಲ್ಲ ಇವತ್ತೂ ಗಟ್ಟಿಯಾಗೇ ಇರ್ಬೇಕು ಅಂತ ಎಲ್ಲಾದ್ರೂ ಇದ್ಯಾ?"

ಒಂದೇ ಕಿವಿಗೆ ಜೋತುಬಿದ್ದ ಕನ್ನಡಕದೊಳಗಿಂದ ಗಿರಾಕಿ ಇಬ್ಬರನ್ನೂ ಪಿಳಿಪಿಳಿ ನೋಡಿದರು.

ಆರೂವರೆ ಕೊಟ್ಟವನು ಅದೇ ಕಟ್ಟಡದ ಮೇಲಿನ ಮಹಡಿಯವನು. ಅಲ್ಲಿರುವುದು ಸಭೆ, ವಿಚಾರಣೆ, ಸಂದರ್ಶನಗಳ ಧ್ವನಿಮುದ್ರಣ ಕೇಳಿ ಅಕ್ಷರಕ್ಕಿಳಿಸುವ ಆಫೀಸು. ಬೇರೆಯವರು ಟೈಪ್ ಮಾಡಿದ್ದನ್ನು ಮೂಲದ ಜೊತೆ ಮತ್ತೆ ಕೇಳಿ ತಾಳೆ ನೋಡುವುದು ಅವನ ಕೆಲಸ. ತಲೆಯ ಮೇಲೆ ಸದಾ ಹೆಡ್‌ಫೋನು. ಚಿಕ್ಕಮ್ಮ ಅವನಿಗಿಟ್ಟ ಹೆಸರೂ ಅದೇ.

ಪರಿಚಯವೇ ಜಗಳದಿಂದ ಶುರುವಾಗಿತ್ತು. ಮೆಟ್ಟಿಲ ಮೇಲೆ ಕೂತು ಅವಳು ಊಟದ ಡಬ್ಬಿ ಬಿಚ್ಚಿದ್ದಳು. ಪಕ್ಕದಲ್ಲೇ ಬಂದು ಕೂತವನ ಹೆಡ್‌ಫೋನಿನಿಂದ ಸದ್ದು ಸೋರುತ್ತಿತ್ತು.

"ಅದೇನ್ರೀ ಅದು? ಪಾತ್ರೆ ಬುಟ್ಟಿ ಮೆಟ್ಟಿಲ ಮೇಲಿಂದ ಉರುಳಿದ ಹಾಗೆ?"

"ಮೆಟಲ್ ಮ್ಯೂಸಿಕ್ಕು, ಡಾಕ್ಟ್ರೇ."

"ಲೋಹ ಅನ್ನೋದು ಕೇಳಿದ್ರೇನೇ ಗೊತ್ತಾಗುತ್ತೆ. ಮತ್ತೆ ನಾನು ಡಾಕ್ಟರಲ್ಲ, ಬರೀ ಕಣ್ಣಿನ ಪವರ್ ನೋಡೋಳು."

"ಸರಿ ಡಾಕ್ಟ್ರೇ. ಹಾಗಾದ್ರೆ ನೀವೇನು ಕೇಳ್ತೀರಿ, ಹೇಳಿ."

ಅಂದಿನಿಂದ ನಡೆದು ಬಂದದ್ದು ಈ ಆಟ. ವಾರಕ್ಕೊಮ್ಮೆ ಇಬ್ಬರೂ ತಾವು ಹೊಸದಾಗಿ ಕೇಳಿದ ಒಂದನ್ನು ಇನ್ನೊಬ್ಬರಿಗೆ ಕಳಿಸಬೇಕು. ಪೂರ್ತಿ ಕೇಳಬೇಕು. ಆಮೇಲೆ ಅಭಿಪ್ರಾಯ, ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸು. ದಾಕ್ಷಿಣ್ಯಕ್ಕೆ ಸುಳ್ಳು ಹೇಳಕೂಡದು. ಅವನು ಮೆಟಲ್ ಕಳಿಸಿದ, ರಾಪ್ ಕಳಿಸಿದ, ಯಂತ್ರಗಳೇ ಹಾಡಿಕೊಂಡಂತಿರುವ ಎಲೆಕ್ಟ್ರಾನಿಕ್ ಕಳಿಸಿದ. ಅವಳು ಕೊಳಲು ಕಳಿಸಿದಳು, ನಿಧಾನದ ಆಲಾಪ ಕಳಿಸಿದಳು, ನಡುನಡುವೆ ಯೋಚನೆ ಮಾಡುತ್ತಾ ಕೂರುವ ಪಿಯಾನೋ ಕಳಿಸಿದಳು. ಕೊಳಲು ಕೇಳಿ ಅವನು, "ಇದೇನು ಡಾಕ್ಟ್ರೇ, ಎಲ್ಲೂ ನಿಲ್ಲದ ಎಕ್ಸ್‌ಪ್ರೆಸ್ ರೈಲು!" ಎಂದಿದ್ದ. ಎಂಥ ಕುಚೋದ್ಯ ಎಂದು ಅವಳು ಕಣ್ಣಲ್ಲಿ ನೀರು ಬರುವ ತನಕ ನಕ್ಕಿದ್ದಳು.

ಅವಳು ನಗುವಾಗ ಅವನು ಹೆಡ್‌ಫೋನನ್ನು ಕುತ್ತಿಗೆಗಿಳಿಸಿ, ತಲೆ ಸ್ವಲ್ಪ ವಾರೆ ಮಾಡಿ, ಅವಳ ನಗುವನ್ನೂ ತಾಳೆ ನೋಡುವವನಂತೆ ಕೇಳುತ್ತಿದ್ದ. ಆ ವಾರೆಯಾದ ತಲೆಯೇ ಅವಳನ್ನು ಕೆಡಿಸಿದ್ದು.

ಕೆಟ್ಟ ಮೇಲೆ ಮಾಡಿದ ಕೆಲಸವೇ ಈ ಗುನುಗು. ಮಧ್ಯಾಹ್ನ ಚಿಕ್ಕಮ್ಮ ಊಟಕ್ಕೆ ಹೋದಾಗ ಕಣ್ಣು ಪರೀಕ್ಷೆಯ ಕತ್ತಲೆ ಕೋಣೆಗೆ ಹೋಗಿ ಫೋನನ್ನು ಕುರ್ಚಿಯ ಮೇಲಿಟ್ಟಳು. ಅಪ್ಪ ಗಾಜಿಗೆ ಸಾಣೆ ಹಿಡಿಯುವಾಗ ಗುನುಗುತ್ತಿದ್ದ, ಪದವಿಲ್ಲದ ರಾಗ ಅದು. ಗುನುಗಿ ಮುಗಿಸಿದಳು. ನಿಲ್ಲಿಸುವ ಗುಂಡಿ ಒತ್ತಲು ಹೋದ ಬೆರಳು ಹಿಂದಕ್ಕೆ ಬಂತು. ಬಹಳ ಹೊತ್ತು ಸುಮ್ಮನೆ ನಿಂತಳು. ಆಮೇಲೆ ಫೋನಿಗೂ ನಾಚಿ, ಗೋಡೆಯ ಕಡೆ ಮುಖ ತಿರುಗಿಸಿ, ಪಿಸುದನಿಯಲ್ಲಿ ಹೇಳಿದ್ದಳು.

"ಇದು ನಾನೇ. ನೀವು ನನಗೆ ಇಷ್ಟ. ನಿಮಗೆ ಹಾಗೇನೂ ಇಲ್ಲದಿದ್ರೆ ಏನೂ ಹೇಳ್ಬೇಡಿ, ನನಗೆ ಅರ್ಥ ಆಗುತ್ತೆ."

ಆ ವಾರದ ಪಾಲಿಗೆ ಅದನ್ನೇ ಅವನಿಗೆ ಕಳಿಸಿದ್ದಳು. ಅವನು ಏನೂ ಹೇಳದೇ ಇದ್ದಿದ್ದರೆ ನಿಜಕ್ಕೂ ಅರ್ಥವಾಗುತ್ತಿತ್ತು. ಅತ್ತು, ಮುಖ ತೊಳೆದುಕೊಂಡು ಅಂಗಡಿಗೆ ಬರುತ್ತಿದ್ದಳು. ಆದರೆ ಮಾರ್ಕ್ಸು? ಒಬ್ಬಳು ಎದೆ ಬಿಚ್ಚಿಟ್ಟರೆ ಅದಕ್ಕೆ ಹತ್ತಕ್ಕೆ ಇಷ್ಟು ಎಂದು ಬರೆಯುವ ಮನುಷ್ಯನಿಗೆ ಏನನ್ನಬೇಕು? ಅದರ ಮೇಲೆ, "ಥಟ್ಟಂತ ನಿಂತುಹೋಯ್ತು" ಅಂತೆ. ಇನ್ನೂ ಎಷ್ಟು ಗೋಗರೆಯಬೇಕಿತ್ತಂತೆ?

ಅವಳು ಮೆಟ್ಟಿಲ ಮೇಲಿನ ಊಟ ಬಿಟ್ಟಳು. ಅವನು ಕಳಿಸಿದ ರಾಪ್‌ಗೆ, "ಬಾಯಿ ನೋವಿನವರು ಔಷಧ ಕೇಳಿದ ಹಾಗಿದೆ. ಒಂದೂಮುಕ್ಕಾಲು" ಎಂದು ಉತ್ತರಿಸಿದಳು. ಅವನು ಕೇಳಿದ: "ಮುಕ್ಕಾಲು ಯಾಕೆ ಡಾಕ್ಟ್ರೇ?" ಅವಳು ಬರೆದಳು: "ಅರೆ ಕೊಡೋದು ನಿಮ್ಮ ಪದ್ಧತಿ. ನನ್ನದು ಮುಕ್ಕಾಲು."

"ಹೆಡ್‌ಫೋನಿಗೂ ನಿನಗೂ ಏನಾಗಿದೆ?" ಎಂದರು ಚಿಕ್ಕಮ್ಮ. "ಪಾಪ, ದಿನಾ ಗಾಜಿನ ಹತ್ರ ನಿಂತು ಒಳಗೆ ಇಣುಕಿ ಹೋಗ್ತಾನೆ. ನಿನ್ನೆ ಕೈ ಬೀಸಿದೆ, ಹೆದರಿ ಓಡಿಹೋದ."

"ಅವರು ಪಾಪ ಅಲ್ಲ, ಚಿಕ್ಕಮ್ಮ. ನೀನು ಸುಮ್ನಿರು."

"ನಾನು ಸುಮ್ನಿರ್ತೀನಿ. ನೀನು ಫ್ರೇಮು ಮುರೀಬೇಡ."

ಮರುವಾರ ಅವಳು ಬೇಕೆಂದೇ ಸೆಲ್ಲೋ ಎಂಬ ದೊಡ್ಡ ಪಿಟೀಲಿನ ವಾದನವೊಂದನ್ನು ಕಳಿಸಿದಳು. ಅದರ ನಡುವೆ ವಾದಕ ಕಮಾನು ಎತ್ತಿ ನಿಲ್ಲಿಸಿಬಿಡುತ್ತಾನೆ. ಎಷ್ಟು ಹೊತ್ತೆಂದರೆ, ಮೊದಲ ಸಲ ಕೇಳಿದಾಗ ಫೋನು ಕೆಟ್ಟಿತೆಂದು ಅವಳು ಅದನ್ನು ಅಂಗೈಗೆ ಬಡಿದು ನೋಡಿದ್ದಳು. ಏನೂ ಹೇಳಬೇಡಿ ಎಂದರೂ ಮಾರ್ಕ್ಸು ಬರೆದವನು ಈ ಮೌನಕ್ಕೇನು ಹೇಳುತ್ತಾನೆ, ನೋಡೋಣ.

ಅವನು ಹೇಳಿದ: "ಈ ಮನುಷ್ಯ ಉಸಿರಾಡೋಕೂ ಬಿಡಲ್ಲ. ಎಂಟು."

ಅಂದರೆ ಕೇಳಿಯೇ ಇಲ್ಲ! ಶುರುವಿನ ನಾಲ್ಕು ಸ್ವರ ಕೇಳಿ ಬಾಯಿಗೆ ಬಂದದ್ದು ಬರೆದಿದ್ದಾನೆ. ಹಾಗಾದರೆ ಉಳಿದವನ್ನೂ ಹೀಗೇ ಕೇಳಿರಬೇಕು. ಇವನಿಗಾಗಿ ಅವಳು ಕಿವಿ ನೋಯುವಷ್ಟು ಮೆಟಲ್ ಕೇಳಿದ್ದಾಳೆ, ಪೂರ್ತಿ, ಕಣ್ಣು ಮುಚ್ಚಿಕೊಂಡು.

ಅದೇ ದಿನ ಸಂಜೆ ಅಂಗಡಿಯ ಬಾಗಿಲು ತಳ್ಳಿಕೊಂಡು ಅವನು ಒಳಗೆ ಬಂದ.

"ಕಣ್ಣು ತೋರಿಸ್ಬೇಕಿತ್ತು," ಎಂದ ಚಿಕ್ಕಮ್ಮನಿಗೆ.

"ತೋರಿಸಪ್ಪ, ತೋರಿಸು. ಅವಳೂ ಸ್ವಲ್ಪ ನೋಡ್ಲಿ."

ಕತ್ತಲೆ ಕೋಣೆಯಲ್ಲಿ ಅವನು ಅದೇ ಕುರ್ಚಿಯಲ್ಲಿ ಕೂತ. ಪರೀಕ್ಷೆಗೆಂದೇ ಇರುವ ದಪ್ಪ ಫ್ರೇಮನ್ನು ಅವಳು ಅವನ ಮೂಗಿನ ಮೇಲೆ ಕೂರಿಸಿ, ಎಡಗಣ್ಣಿಗೆ ಕಪ್ಪು ಬಿಲ್ಲೆ ಹಾಕಿ ಮುಚ್ಚಿದಳು. ಬಲಗಣ್ಣಿಗೆ ಒಂದಾದ ಮೇಲೊಂದು ಗಾಜು ಹಾಕಿದಳು. ಕಣ್ಣು ಪರೀಕ್ಷೆಯಲ್ಲಿ ದೂರ ನಿಂತು ಕೋಪ ತೋರಿಸುವುದು ಆಗದ ಮಾತು. ಅವನ ಉಸಿರು ಅವಳ ಮಣಿಕಟ್ಟಿಗೆ ತಾಗುತ್ತಿತ್ತು. ಅದಕ್ಕೂ ಅವಳಿಗೆ ಸಿಟ್ಟು ಬಂತು.

"ಇದು ಚೆನ್ನಾಗಿದ್ಯಾ, ಇದಾ?"

"ಎರಡೂ ಒಂದೇ ಥರ ಇದೆ."

"ಒಂದೇ ಥರ ಇರಲ್ಲ. ಸರಿಯಾಗಿ ನೋಡಿ ಹೇಳಿ. ಎಲ್ಲದಕ್ಕೂ ಬಾಯಿಗೆ ಬಂದದ್ದು ಹೇಳ್ಬೇಡಿ."

"ನಾನೇನು ತಪ್ಪು ಮಾಡ್ದೆ, ಡಾಕ್ಟ್ರೇ?"

"ಆ ಸೆಲ್ಲೋ ನಡುವೆ ಅಷ್ಟುದ್ದ ಮೌನ ಇತ್ತಲ್ಲ, ಆಗ ನೀವು ಏನ್ ಮಾಡ್ತಿದ್ರಿ?"

"ಯಾವ ಮೌನ?"

ಅವಳು ಗಾಜನ್ನು ಡಬ್ಬಿಗೆ ಹಾಕಿ ಕೈ ಚಾಚಿದಳು. "ಫೋನ್ ಕೊಡಿ ಇಲ್ಲಿ."

ಅವನ ಫೋನಿನಲ್ಲಿ ಸೆಲ್ಲೋ ಶುರುವಾಯಿತು. ಕತ್ತಲಲ್ಲಿ ಇಬ್ಬರೂ ಕೇಳಿದರು. ವಾದಕ ಕಮಾನು ಎತ್ತುವ ಜಾಗ ಬಂತು. ಅವಳು ಬೆರಳೆತ್ತಿ, "ಹಾ, ಇಲ್ಲಿ..." ಎನ್ನುವಷ್ಟರಲ್ಲಿ ಮುಂದಿನ ಸ್ವರ ಧುಮುಕಿಯೇಬಿಟ್ಟಿತು. ಅವಳ ಬೆರಳು ಗಾಳಿಯಲ್ಲೇ ಉಳಿಯಿತು.

ಅವಳ ಫೋನಿನಲ್ಲಿ ಅದೇ ಸೆಲ್ಲೋ ಹಾಕಿದರು. ಕಮಾನು ಎತ್ತಿದ ಮೇಲೆ ಕೋಣೆಯಲ್ಲಿ ಗಡಿಯಾರದ ಸದ್ದು, ಹೊರಗೆ ಚಿಕ್ಕಮ್ಮ ಡ್ರಾಯರ್ ಎಳೆದ ಸದ್ದು, ಬಸ್ಸೊಂದು ಬಂದು ನಿಂತು ಹೊರಟ ಸದ್ದು. ಆಮೇಲೆ ಸೆಲ್ಲೋ.

ಅವನು ಫ್ರೇಮಿನ ತೆರೆದ ಒಂದೇ ಕಣ್ಣಿನಿಂದ ನೋಡುತ್ತಾ ಫೋನನ್ನು ಕೆದಕಿದ. ಕೊನೆಗೆ ಒಂದು ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ: "ಮೌನ ಕತ್ತರಿಸು." ಅದರ ಎದುರಿಗೆ ಟಿಕ್ ಗುರುತು.

"ಇದು ಕೆಲಸಕ್ಕೆ ಹಾಕ್ಕೊಂಡಿರೋ ಪ್ಲೇಯರ್ರು. ಸಭೆಗಳಲ್ಲಿ ಜನ ಕಾಫಿ ಕುಡೀತಾ ಸುಮ್ನೆ ಕೂತಿರ್ತಾರೆ, ಕಾಗದ ತಿರುವ್ತಾರೆ. ಅದನ್ನೆಲ್ಲ ಕೇಳ್ತಾ ಕೂತ್ರೆ ಕೆಲಸ ಮುಗಿಯಲ್ಲ. ಸಣ್ಣ ಸದ್ದನ್ನೂ ಅದು ಮೌನ ಅಂತಲೇ ಹಾರಿಸುತ್ತೆ. ನೀವು ಕಳಿಸೋ ಫೈಲೂ ಇದರಲ್ಲೇ ತೆರ್ಕೊಳ್ಳುತ್ತೆ... ನನಗೆ ಹೊಳೀಲೇ ಇಲ್ಲ."

"ಅಂದ್ರೆ ಆ ಆಲಾಪ?"

"ಇದರಲ್ಲೇ."

"ಪಿಯಾನೋ?"

"ಇದರಲ್ಲೇ."

"ಕೊಳಲು!"

"ಅದಕ್ಕೇ ಎಕ್ಸ್‌ಪ್ರೆಸ್ ರೈಲು ಅಂದಿದ್ದು."

"ನಾನದನ್ನ ತಮಾಷೆ ಅಂದ್ಕೊಂಡು ನಕ್ಕಿದ್ದೆ! ನನ್ನ ನಗು ವಾಪಸ್ ಕೊಡಿ." ಅವಳ ದನಿ ಏರಿತು. "ಒಬ್ಬೊಬ್ಬರೂ ಎಷ್ಟು ಕಷ್ಟಪಟ್ಟು ಆ ಜಾಗ ಖಾಲಿ ಬಿಟ್ಟಿರ್ತಾರೆ, ಗೊತ್ತಾ? ನೀವು ಅದನ್ನ ಕಸ ಗುಡಿಸಿದ ಹಾಗೆ ಗುಡಿಸಿ ಹಾಕಿ, ಮೇಲೆ ಮಾರ್ಕ್ಸ್ ಬೇರೆ..."

ಮಾತು ಅರ್ಧಕ್ಕೇ ನಿಂತಿತು. ಅವಳಿಗೂ ಈಗ ಹೊಳೆದಿತ್ತು. ಅವನಿಗೂ ಹೊಳೆಯುತ್ತಿರುವುದು ಆ ಒಂಟಿ ಕಣ್ಣಿನಲ್ಲಿ ಕಾಣುತ್ತಿತ್ತು.

"ಹಾಗಾದ್ರೆ ಆ ಗುನುಗು ಥಟ್ಟಂತ ನಿಂತದ್ದು..."

"ಅದು ಬೇಡ."

ಅವನ ಬೆರಳು ತಕ್ಷಣ ಫೋನಿನಿಂದ ಮೇಲೆದ್ದಿತು. "ನೀವು ಬೇಡ ಅಂದ್ರೆ ಕೇಳಲ್ಲ."

ಇಷ್ಟಕ್ಕೆ ಬಿಟ್ಟರೆ ಎಲ್ಲ ಸುಲಭ. ಅವನು ಏನನ್ನೂ ಕೇಳಿಲ್ಲ. ಅವಳು ಏನನ್ನೂ ಹೇಳಿಲ್ಲ. ಆ ಫೈಲನ್ನು ಅಳಿಸಿದರೆ ನಾಳೆ ಮತ್ತೆ ಮೆಟ್ಟಿಲ ಮೇಲೆ ಊಟ, ವಾರಕ್ಕೊಂದು ಹಾಡು. ಅವಮಾನವೇ ಆಗಿಲ್ಲವೆಂದ ಮೇಲೆ ಸಿಟ್ಟೇಕೆ? ಆದರೆ ಸಿಟ್ಟು ಹೋಗಲಿಲ್ಲ. ಗೋಡೆಯ ಕಡೆ ಮುಖ ಮಾಡಿ, ಮೈಯೆಲ್ಲ ಬೆವೆತು ಹೇಳಿದ ಮಾತನ್ನು ಒಂದು ಟಿಕ್ ಗುರುತು ನುಂಗಿಹಾಕುವುದೆಂದರೇನು? ನುಂಗಿದ್ದಕ್ಕೆ ಈಗ ತಾನೂ ಜೊತೆಗೂಡುವುದೆಂದರೇನು?

ಅವಳೇ ಆ ಗುರುತನ್ನು ತೆಗೆದಳು. ತೆಗೆಯುವ ರಭಸಕ್ಕೆ ಫೋನು ಅವನ ಕೈಯಿಂದ ಜಾರಿಬೀಳುವುದರಲ್ಲಿತ್ತು.

"ಕೇಳಿ. ಪೂರ್ತಿ ಕೇಳಿ."

ಅವನು ಹೆಡ್‌ಫೋನು ಕಿವಿಗೇರಿಸಿದ. ಅವಳಿಗೆ ಏನೂ ಕೇಳಿಸುತ್ತಿರಲಿಲ್ಲ; ಅವನ ಮುಖವನ್ನು ನೋಡಿಯೇ ತಿಳಿಯಬೇಕಿತ್ತು. ತಲೆ ವಾರೆಯಾಯಿತು. ಗುನುಗು ನಡೆಯುತ್ತಿದೆ. ತುಟಿಯಂಚು ಸಡಿಲಾಯಿತು. ಗುನುಗು ಮುಗಿಯಿತು. ಅವನು ಅಲುಗಲಿಲ್ಲ. ಮೌನ ನಡೆಯುತ್ತಿದೆ. ಅಬ್ಬ, ಇಷ್ಟು ಹೊತ್ತು ನಿಂತಿದ್ದೆನೇ ಎಂದು ಅವಳಿಗೇ ಆಶ್ಚರ್ಯವಾಯಿತು. ಆಮೇಲೆ ಅವನ ಕೈ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿಯಿತು.

ಹೆಡ್‌ಫೋನು ಕುತ್ತಿಗೆಗಿಳಿಯಿತು. ಅವನು ಅವಳನ್ನೇ ನೋಡುತ್ತಾ ಕೂತ. ಬಾಯಿ ತೆರೆದ, ಮುಚ್ಚಿದ. ಏನೂ ಹೇಳಲಿಲ್ಲ.

ಏನೂ ಹೇಳದಿದ್ದರೆ ಏನರ್ಥ ಎಂದು ಅವಳೇ ಹೇಳಿಟ್ಟಿದ್ದಳಲ್ಲ.

"ಏನಾದ್ರೂ ಹೇಳ್ರೀ!" ಎಂದಳು ಅವಳು. "ಹಾಗೆ ಕೂರ್ಬೇಡಿ. ಬೇಡ ಅಂತಾದ್ರೂ ಬಾಯ್ಬಿಟ್ಟು ಹೇಳಿ!"

"ಹೇಳ್ತೀನಿ, ಹೇಳ್ತೀನಿ, ಒಂದ್ನಿಮಿಷ... ನನಗೂ ನೀವು ಇಷ್ಟ. ಮೆಟ್ಟಿಲ ಮೇಲೆ ಪಾತ್ರೆ ಬುಟ್ಟಿ ಅಂದ್ರಲ್ಲ, ಆಗಿನಿಂದ. ಗುನುಗಿದ್ದು ನೀವೇ ಅಂತ ಮೊದಲ ಸ್ವರಕ್ಕೇ ಗೊತ್ತಾಗಿತ್ತು. ದನಿ ಗುರುತು ಹಿಡಿಯೋದೇ ನನ್ನ ಕಸುಬಲ್ವಾ?"

"ಗೊತ್ತಿದ್ದೂ ಆರೂವರೆ ಕೊಟ್ರಾ?"

"ನೀವು ಹೆಸರು ಹೇಳಿರ್ಲಿಲ್ಲ. ಗುಟ್ಟಾಗಿರ್ಲಿ ಅಂತಿರ್ಬೇಕು ಅನ್ಕೊಂಡೆ. ಹತ್ತು ಕೊಟ್ಟಿದ್ರೆ ನಾನೇ ಸಿಕ್ಕಿಬೀಳ್ತಿದ್ದೆ. ಆರು ಅಂತ ಬರೆದೆ. ಕೈ ತಡೀಲಿಲ್ಲ, ಅರೆ ಸೇರಿಸ್ದೆ."

"ಆ ಅರೆಗೆ ನಾನೊಂದು ಫ್ರೇಮು ಮುರಿದಿದೀನಿ."

"ಮಾರ್ಕ್ಸು ವಾಪಸ್ ತಗೊಳ್ತೀನಿ."

"ಬೇಡ, ಇರ್ಲಿ. ಆ ಆರೂವರೆ ಇಟ್ಕೊಂಡು ನಿಮ್ಮನ್ನ ಜೀವನಪೂರ್ತಿ ಹಂಗಿಸ್ತೀನಿ."

ಆಡಿದ ಮೇಲೆ ತಾನೇನು ಆಡಿದೆನೆಂದು ಅವಳಿಗೆ ಕೇಳಿಸಿತು. ಅವನಿಗೂ ಕೇಳಿಸಿತು, ತಲೆ ವಾರೆಯಾಯಿತು. ಈ ಸಲದ ಮೌನವನ್ನು ಇಬ್ಬರೂ ಕತ್ತರಿಸಲಿಲ್ಲ. ಅವಳು ಬಗ್ಗಿ, ಅವನ ಎಡಗಣ್ಣಿನ ಕಪ್ಪು ಬಿಲ್ಲೆಯನ್ನು ಮೆಲ್ಲಗೆ ತೆಗೆದಳು. ಅವಳ ಕೈ ಹಿಂದಕ್ಕೆ ಹೋಗುವ ಮೊದಲೇ ಅವನು ಹಿಡಿದುಕೊಂಡ.

ಹೊರಗಿನಿಂದ ಚಿಕ್ಕಮ್ಮನ ದನಿ ಬಂತು. "ಏನೇ, ಇಷ್ಟು ಹೊತ್ತಾ? ಎಷ್ಟು ಬಂತು ಪವರು?"

ಅವಳು ಅವನ ಮುಖ ನೋಡುತ್ತಲೇ ಕೂಗಿ ಹೇಳಿದಳು. "ಆರೂವರೆ, ಚಿಕ್ಕಮ್ಮ!"

"ಅಯ್ಯೋ ಪಾಪ, ಅಷ್ಟೊಂದಾ? ಏನೂ ಕಾಣ್ಸಲ್ಲ ಅನ್ನು!"

"ಕಣ್ಣು ಸರಿಯಾಗೇ ಇದೆ," ಎಂದಳು ಅವಳು. "ಕಿವೀನೇ ಕೇಳಿಸ್ತಿರ್ಲಿಲ್ಲ."