ವಾರ್ನಿಷ್ ಹಚ್ಚಿದ ಗೂಟಗಳು

ತಾರೀಖು ಹನ್ನೆರಡು, ಮಂಗಳವಾರ, ಬೆಳಗ್ಗೆ 9.40. ನೌಕಾಪಡೆಯ ತರಬೇತಿ ಕಮಾಂಡರ್ ಬಂದರು ಠಾಣೆಯ ಮೆಟ್ಟಿಲು ಹತ್ತಿ ಬಂದು, ಟೈಪು ಮಾಡಿದ ಎರಡು ಹಾಳೆಯ ದೂರನ್ನು ಇನ್ಸ್‌ಪೆಕ್ಟರ್ ಮೇಜಿನ ಮೇಲಿಟ್ಟರು. ಸೋಮವಾರ ಮಧ್ಯಾಹ್ನ ಒಂದರಿಂದ ಎರಡು ಗಂಟೆಯೊಳಗೆ ತರಬೇತಿ ಶೆಡ್ಡಿನಿಂದ ಇನ್ನೂರ ನಲವತ್ತು ಗೂಟಗಳು ಕಳುವಾಗಿವೆ; ವಿಧ್ವಂಸಕ ಕೃತ್ಯದ ಶಂಕೆಯಿದೆ.

ಹೆಡ್ ಕಾನ್‌ಸ್ಟೇಬಲ್ ಹಾಳೆಯನ್ನು ಎರಡು ಸಲ ಓದಿದ. ಠಾಣೆಯಲ್ಲಿ ಅವನನ್ನು ಬಾಲಂಗೋಚಿ ಎನ್ನುತ್ತಿದ್ದರು. ಯಾರ ಮಾತಿಗಾದರೂ ಬಾಲ ಸೇರಿಸದಿದ್ದರೆ ಅವನಿಗೆ ಊಟ ಸೇರದು.

"ಗೂಟಾನಾ ಸಾರ್? ಗೂಟ ಹೊಡ್ಕೊಂಡು ಕೂತೋರನ್ನ ಬೇಕಾದಷ್ಟು ನೋಡಿದೀನಿ. ಗೂಟಾನೇ ಹೊಡ್ಕೊಂಡು ಹೋದೋರನ್ನ ಇದೇ ಮೊದಲು."

ಕಮಾಂಡರ್ ನಗಲಿಲ್ಲ. "ಹಡಗಿಗೆ ತೂತು ಬಿದ್ರೆ ಒಳಗಿಂದ ಬಡಿಯೋ ಮರದ ಗೂಟ ರೀ ಅದು. ಗುರುವಾರ ಬೆಳಗ್ಗೆ ಎಂಟಕ್ಕೆ ಸನ್ನದ್ಧತಾ ತಪಾಸಣೆ. ಹತ್ತಕ್ಕೆ ಹಡಗು ಈ ಗೂಟಗಳನ್ನ ಹೊತ್ಕೊಂಡು ಸಮರಾಭ್ಯಾಸಕ್ಕೆ ಹೊರಡಬೇಕು. ನೂರಾ ಹನ್ನೆರಡು ಜನ ಇದಾರೆ ಅದರಲ್ಲಿ."

10.05ಕ್ಕೆ ಎಫ್‌ಐಆರ್ ದಾಖಲಾಯಿತು. 10.40ಕ್ಕೆ ಸ್ಥಳ ಪಂಚನಾಮೆ. ಶೆಡ್ಡಿನ ಗೋಡೆಯುದ್ದಕ್ಕೂ ನಂಬರು ಬರೆದ ಕಪಾಟುಗಳು, ಎಲ್ಲವೂ ಖಾಲಿ. ಬೀಗ ಒಡೆದಿರಲಿಲ್ಲ. ಮೂಗಿಗೆ ಘಾಟು ಹೊಡೆಯುತ್ತಿತ್ತು.

"ಬೀಗದ ಕೈ ಯಾರ ಹತ್ರ ಇರುತ್ತೆ?" ಇನ್ಸ್‌ಪೆಕ್ಟರ್ ಸ್ಟೋರ್‌ಕೀಪರನನ್ನು ಕೇಳಿದರು.

"ನನ್ನ ಹತ್ರಾನೇ ಸಾರ್."

"ಊಟಕ್ಕೆ ಹೋದಾಗ?"

"ಈ ಮೊಳೆಗೆ ನೇತುಹಾಕ್ತೀನಿ."

"ಅದು ಯಾರಿಗೆ ಗೊತ್ತು?"

"ಮೊಳೆಗೆ ಗೊತ್ತು ಸಾರ್," ಎಂದ ಬಾಲಂಗೋಚಿ, "ಮೊಳೆ ಮೂಲಕ ಊರಿಗೆಲ್ಲ ಗೊತ್ತು."

"ಏನಿದು ಘಾಟು?"

"ವಾರ್ನಿಷ್. ತಪಾಸಣೆಗೆ ಅಂತ ಅಷ್ಟೂ ಗೂಟಕ್ಕೆ ಎರಡೆರಡು ಕೋಟ್ ಹೊಡೆಸಿದ್ವಿ. ಮುಖ ನೋಡ್ಕೊಂಡು ತಲೆ ಬಾಚ್ಬಹುದಿತ್ತು, ಹಾಗೆ ಮಿಂಚ್ತಿತ್ತು." ಸ್ಟೋರ್‌ಕೀಪರನ ಕಣ್ಣು ತುಂಬಿ ಬಂತು.

11.45. ಗೇಟಿನ ರಿಜಿಸ್ಟರನ್ನು ಮಹಿಳಾ ಕಾನ್‌ಸ್ಟೇಬಲ್ ಬೆರಳಿಟ್ಟು ಓದುತ್ತಾ ಹೋದವಳು ಸೋಮವಾರದ ಪುಟದಲ್ಲಿ ನಿಂತಳು.

"ಸಾರ್, ಇಲ್ಲೊಂದು ಮುರಿದ ಬೆಂಚು ರಿಪೇರಿಗೆ ಹೋಗಿದೆ. 1.10ಕ್ಕೆ ಹೋಗಿದೆ. 1.22ಕ್ಕೂ ಹೋಗಿದೆ. 1.35ಕ್ಕೆ, 1.48ಕ್ಕೆ. ಒಂದೇ ಬೆಂಚು ನಾಲ್ಕು ಸಲ ಹೋಗಿದೆ, ಒಂದು ಸಲಾನೂ ವಾಪಸ್ ಬಂದಿಲ್ಲ."

ಕಾವಲುಗಾರನನ್ನು ಕರೆಸಿದರು.

"ಬೆಂಚು ಕಣ್ಣಾರೆ ಕಂಡ್ಯಾ?"

"ಕೈಗಾಡಿ ಕಂಡೆ. ಮೇಲೆ ಟಾರ್ಪಾಲು ಕಂಡೆ. ಮೇಸ್ತ್ರಿ 'ಬೆಂಚು' ಅಂದ್ರು, ನಾನು ಬೆಂಚು ಅಂತ ಬರ್ದೆ."

"ನಾಲ್ಕು ಸಲಾನೂ?"

"ಅವರು ನಾಲ್ಕು ಸಲ ಅಂದ್ರು ಸಾರ್!"

ಮೇಸ್ತ್ರಿ ಎಂದರೆ ತರಬೇತಿ ಕೇಂದ್ರದ ಬಡಗಿ. ಈ ಗೂಟಗಳನ್ನೆಲ್ಲ ಕಡೆದವನೂ ಅವನೇ. ಅವನ ಮನೆ ಹಡಗುಕಟ್ಟೆಯ ಗೋಡೆಗೆ ಬೆನ್ನು ಕೊಟ್ಟ ಗಲ್ಲಿಯಲ್ಲಿ, ಗೇಟಿನಿಂದ ಕೂಗಳತೆ. 12.30ಕ್ಕೆ ಜೀಪು ನಿಂತಾಗ ಬಾಗಿಲಲ್ಲಿದ್ದವಳು ಅವನ ಹೆಂಡತಿ.

"ಬಂದ್ರಾ? ಬನ್ನಿ ಬನ್ನಿ. ಮಂಚದ ಕೆಳಗೆ ಗೂಟ, ಬಚ್ಚಲಲ್ಲಿ ಗೂಟ, ರಾತ್ರಿ ಕಾಲು ಚಾಚಿದ್ರೆ ಗೂಟ. ಗೂಟಾನೂ ಕರ್ಕೊಂಡು ಹೋಗಿ, ಇವರನ್ನೂ ಕರ್ಕೊಂಡು ಹೋಗಿ. ನಾನು ಒಂದು ದಿನ ಕಸ ಗುಡಿಸ್ಕೋತೀನಿ."

ಹಿತ್ತಲಲ್ಲಿ ಮೊಣಕಾಲೆತ್ತರ, ಮರ ಹೆರೆಯುವ ಹತ್ತರಿಯ ಸಿಪ್ಪೆ. ನಡುವೆ ಕೂತು ಮೇಸ್ತ್ರಿ ಗೂಟ ಹೆರೆಯುತ್ತಿದ್ದ. ಪೊಲೀಸರನ್ನು ಕಂಡು ಎದ್ದ, ಹತ್ತರಿ ಮಾತ್ರ ಕೆಳಗಿಡಲಿಲ್ಲ.

"ನೂರಾ ಅರವತ್ತೊಂದು ಆಗಿದೆ ಸಾರ್. ಎಪ್ಪತ್ತೊಂಬತ್ತು ಬಾಕಿ. ನಾಳೆ ಸಂಜೆಯೊಳಗೆ ವಾಪಸ್ ಇಡ್ತಿದ್ದೆ."

"ಯಾಕೆ ಕದ್ದೆ?"

"ವಾರ್ನಿಷ್ ಕೆರೆಯೋಕೆ. ಏನೂ ಬಳಿಯದ ಮೆದು ಮರ ನೀರು ಕುಡಿದು ಉಬ್ಬಬೇಕು, ಉಬ್ಬಿ ತೂತನ್ನ ಕಚ್ಕೋಬೇಕು. ಎರಡು ಕೋಟ್ ಬಳಿದ್ರೆ ಅದು ನೀರೂ ಕುಡಿಯಲ್ಲ, ಕಚ್ಕೊಳ್ಳೋದೂ ಇಲ್ಲ. ಒಳ್ಳೇ ಉಪವಾಸ ಕೂತ ಹಲ್ಲಿಲ್ಲದ ಮುದುಕನ ಥರ."

"ಮೇಲಿನವರಿಗೆ ಹೇಳ್ಬೇಕಿತ್ತು."

ಮೇಸ್ತ್ರಿ ಗೋಡೆಯ ಗೂಡಿನಿಂದ ಮೂರು ಅರ್ಜಿ ತೆಗೆದುಕೊಟ್ಟ. ಮೂರರ ಮೇಲೂ ನೀಲಿ ಸೀಲು: ವಿಷಯ ಗಮನಿಸಲಾಗಿದೆ. ನಮ್ಮ ಕಚೇರಿಗಳಲ್ಲಿ ಈ ಸೀಲಿನ ಅರ್ಥ, ಯಾರೂ ಓದಿಲ್ಲ ಎಂದು. ದೇಶದ ಕಾವಲು, ಸನ್ನದ್ಧತೆ, ಎದೆಯುಬ್ಬಿಸಿ ಆಡುವ ಅಷ್ಟೂ ದೊಡ್ಡ ಮಾತುಗಳ ಅಡಿಯಲ್ಲಿ ಆ ವಾರ ಇದ್ದದ್ದು ಮೂರು ಡಬ್ಬಿ ವಾರ್ನಿಷ್.

ಇನ್ಸ್‌ಪೆಕ್ಟರ್ ಜಪ್ತಿ ಪಂಚನಾಮೆ ಬರೆಸಿದರು. ಆದರೆ ಆರೋಪಿಯ ಮಾತು ನಿಜವೋ ಸುಳ್ಳೋ ತಿಳಿಯದೆ ಮುಂದೆ ಹೋಗುವುದು ಅವರ ಜಾಯಮಾನವಲ್ಲ. 3.00 ಗಂಟೆಗೆ ಎಲ್ಲರನ್ನೂ ತರಬೇತಿ ತೊಟ್ಟಿಗೆ ಕರೆಸಿದರು. ಅದು ಉಕ್ಕಿನ ಕೋಣೆ. ಗೋಡೆಯ ತೂತುಗಳಿಂದ ನೀರು ರಭಸವಾಗಿ ನುಗ್ಗುತ್ತದೆ, ನಾವಿಕರು ಗೂಟ ಬಡಿದು ತಡೆಯುವುದನ್ನು ಕಲಿಯುತ್ತಾರೆ. ಅಂದಿನ ಪಾಳಿಯ ನಾವಿಕಳು, ಗುರುವಾರ ಆ ಹಡಗಿನಲ್ಲೇ ಹೊರಡಬೇಕಿದ್ದವಳು, ಸುತ್ತಿಗೆ ಹಿಡಿದು ಬಂದವಳೇ ಬಾಯಿ ತೆರೆದು ನಿಂತಳು.

"ಅಪ್ಪಾ? ಕಳ್ಳ ನೀನಾ? ಅಮ್ಮನ ಕಣ್ಣು ತಪ್ಪಿಸಿ ಟೀಗೆ ಎರಡನೇ ಚಮಚ ಸಕ್ಕರೆ ಹಾಕ್ಕೊಳ್ಳೋಕಾಗಲ್ಲ ನಿಂಗೆ!"

"ಮಾತು ಸಾಕು, ಬಡಿ ಮಗಳೇ. ಮೊದಲು ಮಿಂಚೋದನ್ನ ಬಡಿ."

ವಾರ್ನಿಷ್ ಗೂಟ ಏಳು ಏಟಿಗೆ ಒಳಹೋಯಿತು. ಕಮಾಂಡರ್ ತೂತಿನ ಎದುರಿಗೇ ನಿಂತು "ನೋಡಿ, ಎಷ್ಟು ಭದ್ರ..." ಎನ್ನುವಷ್ಟರಲ್ಲಿ ಗೂಟ ಜಾರಿ ಹಾರಿ ಅವರ ಟೋಪಿಯನ್ನು ಹೊತ್ತೊಯ್ದಿತು. ಹಿಂದೆಯೇ ನುಗ್ಗಿದ ನೀರು ಅವರನ್ನು ನೆತ್ತಿಯಿಂದ ಬೂಟಿನವರೆಗೆ ತೋಯಿಸಿತು. ಬಾಲಂಗೋಚಿ ಗಡಿಯಾರ ನೋಡಿ ಗಂಭೀರವಾಗಿ ಬರೆದುಕೊಂಡ: ನಲವತ್ತು ಸೆಕೆಂಡು.

ಹೆರೆದ ಗೂಟವನ್ನು ಅದೇ ತೂತಿಗೆ ಬಡಿದಳು. ಸುತ್ತಲೂ ನೀರು ಜಿನುಗಿತು, ಆಮೇಲೆ ತೊಟ್ಟಿಕ್ಕಿತು. ಹನ್ನೊಂದನೆಯ ನಿಮಿಷಕ್ಕೆ ಅದೂ ನಿಂತಿತು. ನಾವಿಕಳು ಎರಡೂ ಕೈಯಲ್ಲಿ ಹಿಡಿದು ಎಳೆದರೂ ಗೂಟ ಅಲುಗಲಿಲ್ಲ.

ಕಮಾಂಡರ್ ನೀರು ಸುರಿಸುತ್ತಾ ಬಂದು ತಾವೂ ಒಮ್ಮೆ ಆ ಗೂಟವನ್ನು ಎಳೆದು ನೋಡಿದರು. "ದೂರು ವಾಪಸ್ ತಗೋತೀನಿ."

"ಎಫ್‌ಐಆರ್ ಆಗ್ಹೋಗಿದೆ ಸಾರ್. ಹೇಳೋದಿದ್ರೆ ನ್ಯಾಯಾಲಯದಲ್ಲಿ ಹೇಳಿ," ಎಂದರು ಇನ್ಸ್‌ಪೆಕ್ಟರ್. "ಆದ್ರೆ ಗೂಟ ಬಿಡಿಸ್ಕೊಳ್ಳೋಕೆ ಈಗಲೇ ಅರ್ಜಿ ಹಾಕಿ. ನ್ಯಾಯಾಧೀಶರು ಐದೂವರೆ ತನಕ ಇರ್ತಾರೆ."

4.10ಕ್ಕೆ ಬಂಧನ. 5.15ಕ್ಕೆ ಆದೇಶ: ಫೋಟೋ ತೆಗೆದು, ಗೂಟಗಳನ್ನು ನೌಕಾಪಡೆಯ ವಶಕ್ಕೆ ಕೊಡತಕ್ಕದ್ದು. ಆರೂವರೆಯ ಹೊತ್ತಿಗೆ ಹತ್ತು ಜನ ನಾವಿಕರು ಹತ್ತರಿ ಹಿಡಿದು ಉಳಿದ ಎಪ್ಪತ್ತೊಂಬತ್ತನ್ನೂ ಹೆರೆಯುತ್ತಿದ್ದರು. ಹನ್ನೊಂದನೆಯ ಹತ್ತರಿ ಕಮಾಂಡರ್ ಕೈಯಲ್ಲಿತ್ತು. ಅವರಿಗೆ ಅದು ಒಲಿಯಲಿಲ್ಲ ಎಂದು ಮಗಳು ಠಾಣೆಗೆ ಫೋನು ಮಾಡಿ ವರದಿ ಕೊಟ್ಟಳು.

ಠಾಣೆಯಲ್ಲಿ ಜಾಮೀನಿನ ಕಾಗದ ಸಿದ್ಧವಾಗುತ್ತಿತ್ತು. ಮೇಸ್ತ್ರಿಯ ಹೆಂಡತಿ ಊಟದ ಡಬ್ಬಿ ತಂದು, ಗಂಡನಿಗಿಂತ ಮೊದಲು ಮಹಿಳಾ ಕಾನ್‌ಸ್ಟೇಬಲಿಗೆ ಬಡಿಸಿದಳು. ಹೇಳಿಕೆ ಬರೆದುಕೊಳ್ಳುತ್ತಿದ್ದ ಬಾಲಂಗೋಚಿ ಕೃತ್ಯದ ಉದ್ದೇಶ ಎಂಬ ಕಾಲಮ್ಮಿಗೆ ಬಂದು ಪೆನ್ನು ಎತ್ತಿದ.

"ಮಗಳ ಮೇಲಿನ ಮಮತೆ ಅಂತ ಬರೀಲಾ ಸಾರ್?"

"ಕೇಳಿ ಬರಿ," ಎಂದರು ಇನ್ಸ್‌ಪೆಕ್ಟರ್.

ಮೇಸ್ತ್ರಿ ತುತ್ತು ನುಂಗಿ ಯೋಚಿಸಿದ.

"ಬರೀ ಮಗಳಿಗೆ ಆಗಿದ್ರೆ ಎರಡು ಗೂಟ ಹೆರೆದು ಅವಳ ಚೀಲಕ್ಕೆ ಹಾಕಿ ಕಳಿಸ್ತಿದ್ದೆ ಸಾರ್. ನೀರೇನು ಇವಳು ಮೇಸ್ತ್ರಿ ಮಗಳು ಅಂತ ವಿಳಾಸ ಕೇಳ್ಕೊಂಡು ಬರುತ್ತಾ? ಹಡಗಿನಲ್ಲಿ ಯಾವ ಮೂಲೇಲಿ ತೂತು ಬೀಳುತ್ತೋ, ಅಲ್ಲಿ ಯಾರ ಮಗು ನಿಂತಿರುತ್ತೋ. ಅದಕ್ಕೇ ಇನ್ನೂರ ನಲವತ್ತೂ ಬೇಕಾಯ್ತು."

ಅಂದು ಮೊದಲ ಸಲ ಬಾಲಂಗೋಚಿಗೆ ಬಾಲ ಹೊಳೆಯಲಿಲ್ಲ. ಕಾಲಂ ಒಂದೇ ಸಾಲಿನದು. ಅವನು ಹಾಳೆ ಮಗುಚಿ, ಹಿಂಬದಿಯಲ್ಲಿ ಒಂದಕ್ಷರ ಬಿಡದೆ ಬರೆದ.