ಸೋನೌಲಿ ಗಡಿಯಲ್ಲಿ ದಾರಿ ಕೇಳಿದವಳು

ಕಳೆದ ಚಳಿಗಾಲದಲ್ಲಿ ನಾನು ಮತ್ತು ನಾದಿನಿ ಅನುಶ್ರೀ ಶಿರಸಿಯ ಪ್ರವಾಸಿ ತಂಡದೊಂದಿಗೆ ನೇಪಾಳಕ್ಕೆ ಹೋಗಿದ್ದೆವು. ನನ್ನ ಗಂಡ ವಿಶ್ವೇಶ್ವರ ಮತ್ತಿಘಟ್ಟದ ಮನೆಯಲ್ಲೇ ಉಳಿದಿದ್ದರು. ಸೋನೌಲಿಯಲ್ಲಿ ಗಡಿಯನ್ನು ನಡೆದೇ ದಾಟಬೇಕಿತ್ತು. ಬೆಳಗಿನ ಮಂಜು ದಟ್ಟವಾಗಿತ್ತು. ನೂಕುನುಗ್ಗಲಿನಲ್ಲಿ ಅನುಶ್ರೀಯ ಕೈ ಹಿಡಿದುಕೊಂಡೆ. ಕೈ ಒದ್ದೆಯಾಗಿ ಕೊರೆಯುತ್ತಿತ್ತು.

ನಮ್ಮ ದೇಶದ ಗೇಟು ದಾಟಿದ್ದೇ ಲಾರಿಗಳ ಹಾರ್ನ್ ಸದ್ದು ಒಮ್ಮೆಲೇ ನಿಂತಿತು. ನನ್ನ ಚಪ್ಪಲಿಯ ಸದ್ದು ಕೇಳುತ್ತಿತ್ತು, ಅವಳದ್ದು ಕೇಳುತ್ತಿರಲಿಲ್ಲ.

"ಅತ್ತಿಗೆ, ನಮ್ಮನೆಗೆ ಹೋಪ ದಾರಿ ಯಾವ್ದೇ?" ಎಂದಳು.

ತಮಾಷೆ ಎಂದುಕೊಂಡೆ. "ಶಿರಸಿಂದ ಮತ್ತಿಘಟ್ಟದ ಬಸ್ಸು ಹತ್ತು ಮಾರಾಯ್ತಿ, ಶಾಲೆ ಹತ್ರ ಇಳಿದು ಎಡಕ್ಕೆ ತಿರುಗು."

"ಮನೇಲಿ ಯಾರಿದ್ದ?"

"ನಿನ್ನ ಅಣ್ಣ ಒಬ್ನೇಯ."

ಅಷ್ಟರಲ್ಲಿ ನೇಪಾಳದ ಗೇಟಿನಾಚೆಯ ಚಹದಂಗಡಿಯಿಂದ ಅನುಶ್ರೀ ಕೂಗಿದಳು. "ಎಷ್ಟೊತ್ತು ಅತ್ತಿಗೆ! ಯಂಗ ಎಲ್ಲ ಆಗ್ಲೇ ದಾಟಿದ್ಯ." ತಂಡದವರೆಲ್ಲ ಅವಳ ಜೊತೆಗೇ ನಿಂತಿದ್ದರು.

ನೋಡಿದರೆ ನನ್ನ ಕೈಯಲ್ಲಿ ಯಾರ ಕೈಯೂ ಇರಲಿಲ್ಲ.

ಮಧ್ಯಾಹ್ನ ಗಂಡನ ಫೋನು ಬಂತು. "ಅನುಶ್ರೀ ಈಗ ಮನೆಗೆ ಬಂತಲೇ, ಒಬ್ಳೇ. ಎಂತಾತು? ಗುಡ್ಡದ ಬದಿಗೆ ಬಾ ಹೇಳಿ ಕರೀತಾ ಇದ್ದು."

"ಹೋಗಡಿ! ಅನುಶ್ರೀ ಯನ್ನ ಪಕ್ಕದಲ್ಲೇ ಇದ್ದು!" ಎಂದು ಅವರನ್ನು ತಡೆಯಲು ಚೀರಿದೆ.

ಅವರು ಯಾರಿಗೋ "ತಡಿ, ಬಂದಿ" ಎಂದದ್ದು ಕೇಳಿಸಿತು. ಫೋನು ಕಡಿಯಿತು. ಮತ್ತೆ ಹತ್ತಲಿಲ್ಲ.

ಸಿಕ್ಕ ರೈಲು ಹಿಡಿದು ಊರಿಗೆ ಮರಳಿದೆವು. ಮನೆಯ ಬಾಗಿಲು ತೆರೆದೇ ಇತ್ತು. ಜಗಲಿಯಲ್ಲಿ ಎರಡು ಲೋಟ ಚಹ ಇಟ್ಟಿತ್ತು, ಒಂದನ್ನು ಯಾರೂ ಮುಟ್ಟಿರಲಿಲ್ಲ. ಗುಡ್ಡವನ್ನು ಪೊಲೀಸರೂ ಊರವರೂ ಜಾಲಾಡಿದರು. ನನ್ನ ಗಂಡ ಇವತ್ತಿನವರೆಗೂ ಸಿಕ್ಕಿಲ್ಲ.